ಚಿಕ್ಕ ಟೈಲರನ ಕುತ್ತಿಗೆ ಹಿಡಿದ ದಿನ

ಮೊದಲೇ ಒಂದು ಮಾತು. ಹೋದ ಸಲದ ಕತೆ ಕೇಳಿದವರಲ್ಲಿ ಯಾರೋ ಒಬ್ಬ ಮಹಾನುಭಾವ, "ಈ ಮುದುಕನಿಗೆ ಬೆಳಿಗ್ಗೆ ತಿಂದದ್ದೇ ನೆನಪಿರಲ್ಲ, ಆ ಕಾಲದ್ದೆಲ್ಲ ಎಲ್ಲಿಂದ ನೆನಪಿರತ್ತೆ?" ಅಂದನಂತೆ. ಅಯ್ಯಾ, ಬೆಳಿಗ್ಗೆ ತಿಂದದ್ದು ನೆನಪಿಟ್ಟುಕೊಳ್ಳುವಂಥದ್ದಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ನೀವು ನನ್ನ ನೆನಪಿನ ತಂಟೆಗೆ ಬರಬೇಡಿ. ಈ ಕತೆಯಲ್ಲಿ ಅರ್ಧ ಇಸ್ತ್ರಿಯವನ ಬಾಯಿಂದ ಬಂದದ್ದು, ಇನ್ನರ್ಧ ಆ ಕುತ್ತಿಗೆ ಯಾರದೋ ಅವನ ಬಾಯಿಂದಲೇ ಬಂದದ್ದು. ಕೇಳುವುದಾದರೆ ಸುಮ್ಮನೆ ಕೇಳಿ, ಇಲ್ಲವೇ ಫೋನಿನಿಂದ ಅಳಿಸಿ ಹಾಕಿ. ನನ್ನ ಗಂಟೇನೂ ಹೋಗುವುದಿಲ್ಲ.

ಚಿಕ್ಕ ಟೈಲರನ ಕುತ್ತಿಗೆ ಹಿಡಿದುಕೊಂಡದ್ದು ಕನ್ನಡಿಯ ಮುಂದೆ.

ಆ ದಿನ ಸಂಜೆ ಬಸ್ಸಿಗೆ ಅವನ ಅಣ್ಣ, ಎಂದರೆ ಬೀದಿಯವರೆಲ್ಲ ಕರೆಯುತ್ತಿದ್ದ ಹಾಗೆ ದೊಡ್ಡ ಟೈಲರ್, ಅಂಗಡಿ ಬಿಟ್ಟು ಹೊರಟಿದ್ದ. ಎಲ್ಲೋ ದೂರದ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಕೆಲಸವಂತೆ. ಯಾವ ಊರು, ಯಾವ ಕಾರ್ಖಾನೆ, ಯಾರಿಗೂ ಹೇಳಿರಲಿಲ್ಲ. ಮದುವೆ ಮಾಡಿಕೊಳ್ಳದ ಮನುಷ್ಯ. ಹೇಳಿ ಹೋಗಬೇಕಾದವನು ಎಂದು ಈ ಲೋಕದಲ್ಲಿ ಅವನಿಗಿದ್ದವನು ಒಬ್ಬ ತಮ್ಮ. ಆ ತಮ್ಮನ ಜೊತೆ ಮಾತಿಲ್ಲ.

ಮಾತು ಬಿಟ್ಟದ್ದು ಒಂದು ಪ್ಯಾಂಟಿನ ದೆಸೆಯಿಂದ. ಆಗ ಇಬ್ಬರೂ ಕೂಡಿ ಹೊಲಿಯುತ್ತಿದ್ದ ಕಾಲ. ಅಣ್ಣ ಕತ್ತರಿಸುವವನು, ತಮ್ಮ ಹೊಲಿಯುವವನು. ಹೈಸ್ಕೂಲಿನ ಹೆಡ್ ಮಾಸ್ಟರಿಗೆ ಹೊಲಿದುಕೊಟ್ಟ ಪ್ಯಾಂಟು ಕಣಕಾಲಿನಿಂದ ಮೇಲಕ್ಕೆ ನಿಂತಿತು. ಆತ ಅದನ್ನೇ ಹಾಕಿಕೊಂಡು ಸಭೆಯಲ್ಲಿ ಭಾಷಣಕ್ಕೆ ನಿಂತಾಗ ಮಕ್ಕಳೆಲ್ಲ ಆತನ ಕಾಲುಚೀಲವನ್ನೇ ನೋಡಿದರು. ಅಣ್ಣ ಕಡಿಮೆ ಕತ್ತರಿಸಿದನೋ, ತಮ್ಮ ಹೆಚ್ಚು ಮಡಿಸಿ ಹೊಲಿದನೋ, ದೇವರಿಗೇ ಗೊತ್ತು. "ನಿನ್ನ ಕತ್ತರಿ" ಅಂದ ತಮ್ಮ. "ನಿನ್ನ ಮಡಿಕೆ" ಅಂದ ಅಣ್ಣ. ಅಂದೇ ಸೀಮೆಸುಣ್ಣದಲ್ಲಿ ಅಂಗಡಿಯ ನೆಲದ ಉದ್ದಕ್ಕೂ ಒಂದು ಗೆರೆ ಬಿತ್ತು. ಬೀದಿಗೆ ಮುಖ ಮಾಡಿ ಕೂತರೆ ಬಲಭಾಗ ಅಣ್ಣನಿಗೆ, ಎಡಭಾಗ ತಮ್ಮನಿಗೆ. ಬಟ್ಟೆಯ ಮೇಲಿನ ಸೀಮೆಸುಣ್ಣ ಒಂದು ಒಗೆತಕ್ಕೆ ಹೋಗುತ್ತದೆ. ಈ ಗೆರೆ ಹೋಗಲಿಲ್ಲ, ಏಕೆಂದರೆ ಮಾಸಿದಾಗಲೆಲ್ಲ ಇಬ್ಬರಲ್ಲಿ ಯಾರಾದರೊಬ್ಬರು ತಿದ್ದುತ್ತಿದ್ದರು. ಎರಡೂ ಕೆಲಸವನ್ನು ಇಬ್ಬರೂ ತಾವೇ ಮಾಡಿಕೊಳ್ಳಬೇಕಾಯಿತು. ಗೆರೆಯ ಆ ಕಡೆ ಅಣ್ಣ ಕತ್ತರಿಸಿದ್ದು ಚೆನ್ನ, ಹೊಲಿಗೆ ಕುಡುಕನ ನಡಿಗೆ. ಈ ಕಡೆ ತಮ್ಮನ ಹೊಲಿಗೆ ಇರುವೆ ಸಾಲು, ಒಂದು ತೋಳು ಗಿಡ್ಡ.

ಮಾತಾಡಲೇಬೇಕಾಗಿ ಬಂದರೆ? ಅದಕ್ಕೊಂದು ಏರ್ಪಾಟಿತ್ತು. ಗೆರೆಯ ಮೇಲೆ ಸರಿಯಾಗಿ ಅಂಗಿ ತೊಡಿಸಿ ನೋಡುವ ಬೊಂಬೆ ನಿಂತಿತ್ತು. ತಲೆಯಿಲ್ಲ, ಕೈಯಿಲ್ಲ, ಎದೆ ಮತ್ತು ಕುತ್ತಿಗೆಯ ಬುಡ ಮಾತ್ರ. ಇಬ್ಬರೂ ಬೀದಿಯ ಕಡೆ ಮುಖ ಮಾಡಿ ಕೂತು ಅದರ ಜೊತೆ ಮಾತಾಡುತ್ತಿದ್ದರು.

"ಬೊಂಬೆ, ಮಧ್ಯಾಹ್ನ ಕರೆಂಟ್ ಹೋಗತ್ತಂತೆ ಅಂತ ಹೇಳು."

"ಗೊತ್ತು ಅಂತ ಹೇಳು ಬೊಂಬೆ."

"ಕೆಮ್ಮು ಜಾಸ್ತಿ ಆಗಿದೆ, ಯಾರಿಗಾದ್ರೂ ತೋರಿಸ್ಕೊಳ್ಳೋದಲ್ವಾ ಅಂತ ಕೇಳು," ಅನ್ನುವನು ತಮ್ಮ.

"ನಮ್ಮ ಕೆಮ್ಮು, ನಾವು ಕೆಮ್ಕೊತೀವಿ ಅಂತ ಹೇಳಪ್ಪಾ."

ಎಷ್ಟೋ ವರ್ಷ ಹೀಗೆ ನಡೆಯಿತು. ಇಬ್ಬರೂ ಬೊಂಬೆಯ ಮುಖ ನೋಡದೆ, ಅದಕ್ಕೆ ಮುಖವೇ ಇರಲಿಲ್ಲ ಬಿಡಿ, ಒಬ್ಬರಿಗೊಬ್ಬರು ಕಿವಿ ಕೊಟ್ಟರು. ಕಣ್ಣು ಮಾತ್ರ ಕೊಡಲಿಲ್ಲ.

ಈಗ ಅಣ್ಣ ಹೊರಟ. ಹಿಂದಿನ ರಾತ್ರಿ ಚಿಕ್ಕ ಟೈಲರ್ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತದ್ದು ನೋಡಿ ಹೆಂಡತಿ ಹೇಳಿದಳು, "ನೀವು ಬಾಯಿ ತೆಗೀಬೇಡಿ. ನೀವು ಬಾಯಿ ತೆಗೆದ್ರೆ ಒಳಗಿಂದ ಆ ಹಾಳು ಪ್ಯಾಂಟೇ ಹೊರಗೆ ಬರೋದು. ಒಂದ್ಸಲ ತಿರುಗಿ ಅವ್ರ ಮುಖ ನೋಡಿ. ಅಷ್ಟೇ ಸಾಕು. ಭಾವ ಮೆತ್ತಗಿನ ಮನುಷ್ಯ, ಕರಗಿ ಹೋಗ್ತಾರೆ. ಬಸ್ಸೂ ಬೇಡ ಗಿಸ್ಸೂ ಬೇಡ ಅಂತ ಕೂತ್ಬಿಡ್ತಾರೆ."

ಆದ್ದರಿಂದ ಬೆಳಿಗ್ಗೆ ಎದ್ದವನೇ ಚಿಕ್ಕ ಟೈಲರ್ ಕನ್ನಡಿಯ ಮುಂದೆ ನಿಂತು ನೋಟದ ಅಭ್ಯಾಸ ಶುರು ಮಾಡಿದ. ಎದುರಿಗೆ ನೋಡುವುದು, ಮೆಲ್ಲಗೆ ಬಲಕ್ಕೆ ತಿರುಗುವುದು. ಮೊದಲ ನೋಟ ಕಳ್ಳನನ್ನು ಹಿಡಿದ ಪೊಲೀಸಿನವನ ಹಾಗೆ ಬಂತು. ಎರಡನೆಯದು ಹಲ್ಲು ಕೀಳಿಸಿಕೊಳ್ಳಲು ಬಾಗಿಲಲ್ಲಿ ಕಾದವನ ಹಾಗೆ. ಮೂರನೆಯದಕ್ಕೆ ಕಣ್ಣಲ್ಲಿ ಒಂಚೂರು ಪ್ರೀತಿ ಬೆರೆಸಿ, ತುಟಿಯ ತುದಿಯಲ್ಲಿ ಒಂಚೂರು ತಪ್ಪಾಯಿತು ಎನ್ನುವುದನ್ನಿಟ್ಟು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ತಿರುಗಿಸಿದ. ಅಷ್ಟು ವರ್ಷ ಆ ಕಡೆಗೆ ಹೋಗದ ಕುತ್ತಿಗೆ, ನೋಡಿ. ಒಳಗೆ ಕಳಕ್ ಎಂದಿತು. ತಲೆ ಬಾಣದ ಹಾಗೆ ಎಡಕ್ಕೆ ಹಾರಿ ಅಲ್ಲೇ ಕೂತಿತು. ಒಂದು ಪಕ್ಕಕ್ಕೆ ಗಾಳಿ ಬೀಸುತ್ತ ಸಿಕ್ಕಿಕೊಂಡ ಟೇಬಲ್ ಫ್ಯಾನು ಹೇಗಿರುತ್ತದೋ ಹಾಗೆ.

"ಲೇ, ಬಾರೇ ಇಲ್ಲಿ!"

ಹೆಂಡತಿ ಓಡಿ ಬಂದಳು. "ಏನ್ರೀ, ಗೋಡೆಗೇನು ಹೇಳ್ತಿದ್ದೀರಿ?"

"ಗೋಡೆಗಲ್ಲ ಕಣೇ. ಕತ್ತು ತಿರುಗ್ತಿಲ್ಲ."

"ಅಯ್ಯೋ ನಿಮ್ಮ! ಒಂದೇ ಒಂದು ಕೆಲಸ ಹೇಳಿದ್ದೆ!"

ಅವಳು ಮುಲಾಮಿನ ಡಬ್ಬಿ ಪೂರ್ತಿ ಅವನ ಕುತ್ತಿಗೆಗೆ ಬಳಿದಳು. ಅವನು ಅದೇ ಕುತ್ತಿಗೆ ಮುಟ್ಟಿಕೊಂಡು, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡ. ಬೀದಿಗೆ ಇಳಿಯುವಾಗ ಚಿಕ್ಕ ಟೈಲರ್ ತಲೆ ಎಡಕ್ಕೆ, ಕಾಲು ನೇರಕ್ಕೆ, ಕಣ್ಣಲ್ಲಿ ಧಾರಾಕಾರ ನೀರು. ಎದುರು ಬಂದವರು ಯಾರೋ ಸತ್ತರೆಂದು ತಿಳಿದು ದಾರಿ ಬಿಟ್ಟರು.

ಅಂಗಡಿಯ ಮುಂದೆ ಕೈಗಾಡಿ ಆಗಲೇ ನಿಂತಿತ್ತು. ಅದರ ಮೇಲೆ ಎಲ್ಲಕ್ಕಿಂತ ಮೊದಲು ಏರಿ ಕೂತದ್ದು ಬೊಂಬೆ. ಅದು ಅಣ್ಣನದು, ಅವನ ಜೊತೆಗೇ ಹೋಗುತ್ತದೆ. ಅದು ಹೋದ ಮೇಲೆ ಇಬ್ಬರ ನಡುವೆ ಮಾತಿಗೆ ಇದ್ದ ಒಂದು ದಾರಿಯೂ ಮುಚ್ಚಿತು.

ದೊಡ್ಡ ಟೈಲರ್ ಬಾಗಿಲಲ್ಲೇ, ಒಳಗೆ ಬರುವವರ ಬಲಕ್ಕೆ ನಿಂತಿದ್ದ. ಅಂಗಡಿ ಪಕ್ಕದ ಇಸ್ತ್ರಿಯವನು ಆಮೇಲೆ ಆಣೆ ಮಾಡಿ ಹೇಳಿದ, ಅವನು ತಮ್ಮನಿಗಾಗಿಯೇ ನಿಂತಿದ್ದ ಎಂದು. ಹೊಸ ಅಂಗಿ, ಬಾಚಿದ ತಲೆ, ಗಂಟಲು ಸರಿ ಮಾಡಿಕೊಂಡು ಏನೋ ಹೇಳುವವನ ಹಾಗೆ ಒಂದು ಹೆಜ್ಜೆ ಮುಂದಿಟ್ಟ. ಚಿಕ್ಕ ಟೈಲರ್ ಮೆಟ್ಟಿಲು ಹತ್ತಿದ. ತಲೆ ಗೋಡೆಯ ಕಡೆ. ಅಣ್ಣನ ಮುಂದೆಯೇ ಹಾದು ಹೋಗಿ ತನ್ನ ಸ್ಟೂಲಿನ ಮೇಲೆ ಕೂತ.

ದೊಡ್ಡ ಟೈಲರ್ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

"ಬೊಂಬೆನ ಹುಷಾರಾಗಿ ಕಟ್ಟಪ್ಪಾ," ಎಂದು ಗಾಡಿಯವನಿಗೆ ಹೇಳುವುದು ಕೇಳಿಸಿತು. "ಈ ಅಂಗಡೀಲಿ ಇಷ್ಟು ದಿನ ನನ್ನ ಕಡೆ ನೋಡ್ತಿದ್ದದ್ದು ಅದೊಂದೇ."

"ಅದಕ್ಕೆ ತಲೇನೇ ಇಲ್ವಲ್ಲ ಯಜಮಾನ್ರೇ?" ಅಂದ ಗಾಡಿಯವನು.

"ತಲೆ ಇರೋವ್ರನ್ನೂ ನೋಡಿದೆ ಬಿಡು."

ಚಿಕ್ಕ ಟೈಲರನಿಗೆ ಎದೆಗೆ ಸೂಜಿ ಹೊಕ್ಕ ಹಾಗಾಯಿತು. 'ಅಣ್ಣ' ಎಂದು ಕರೆಯಲು ಬಾಯಿ ತೆರೆದ. ಅಷ್ಟು ವರ್ಷ ಬಳಸದ ಪದ, ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಾಗಿ ಹೊರಬಿತ್ತು. ಅಲ್ಲದೆ ಮುಖ ಆ ಕಡೆ ಇಟ್ಟುಕೊಂಡು ಅಣ್ಣ ಎಂದರೆ ಅದು ಅಣ್ಣನನ್ನು ಕರೆದಂತಾದೀತೇ, ಅಣಕಿಸಿದಂತಾದೀತು.

ಆಗ ಅವನಿಗೊಂದು ಬುದ್ಧಿ ಹೊಳೆಯಿತು. ತಲೆ ತಿರುಗದಿದ್ದರೆ ಏನಾಯಿತು, ಮೈ ತಿರುಗಿಸಿದರಾಯಿತು! ಬೀದಿಗೆ ಬೆನ್ನು ಮಾಡಿ ಹಿಂದಿನ ಗೋಡೆಗೆ ಎದೆ ಕೊಟ್ಟು ನಿಂತರೆ ಎಡಕ್ಕಿರುವ ಮುಖ ತಾನಾಗಿ ಅಣ್ಣನ ಕಡೆ ಬರುತ್ತದೆ. ಎದ್ದು, ಪುಟ್ಟಪುಟ್ಟ ಹೆಜ್ಜೆ ಇಡುತ್ತ, ದೊಡ್ಡ ಗಡಿಯಾರದ ಗಂಟೆ ಮುಳ್ಳಿನ ಹಾಗೆ ತಿರುಗತೊಡಗಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಅವನ ಮುಖ ಕಡೆಗೂ ಅಣ್ಣನ ಜಾಗಕ್ಕೆ ಬಂದು ಮುಟ್ಟಿದಾಗ ಅಣ್ಣ ಹಗ್ಗ ಬಿಗಿಯಲು ಬೀದಿಗೆ ಇಳಿದಿದ್ದ. ಹಿಂತಿರುಗಿ ನೋಡಿದವನಿಗೆ ಕಂಡದ್ದು ತಮ್ಮನ ಬೆನ್ನು ಮತ್ತು ಅದರ ಕೆಳಗಿನ ಭಾಗ.

"ಓಹೋ," ಅಂದ ದೊಡ್ಡ ಟೈಲರ್, ಇನ್ನೊಂದು ಹಗ್ಗ ತರಲು ಮೂಲೆಯ ಅಂಗಡಿಗೆ ನಡೆದ. ಅಷ್ಟೇ.

ಎಡಗಡೆಯಿಂದ ಇಸ್ತ್ರಿಯವನ ದನಿ ಬಂತು. ಅವನ ಗಾಡಿ, ಬೆಂಚು ಎರಡೂ ಅಂಗಡಿಯ ತೆರೆದ ಎಡ ಮಗ್ಗುಲಿಗೆ ಇದ್ದವು. "ಏನ್ ಚಿಕ್ಕ ಮಾಸ್ಟ್ರೇ, ಬಂದಾಗಿಂದ ನನ್ನನ್ನೇ ದುರುಗುಟ್ಕೊಂಡು ನೋಡಿದ್ರಿ, ಈಗ ಗೋಡೆಗೆ ನಿಂತಿದ್ದೀರಿ. ನಾನೇನಾದ್ರೂ ನಿಮ್ಮ ಗಿರಾಕಿ ಅಂಗಿ ಸುಟ್ಟೆನಾ?"

"ಸುಡೋದಿದ್ರೆ ನನ್ನನ್ನ ಸುಡಪ್ಪಾ. ಕತ್ತು ಹಿಡ್ಕೊಂಡಿದೆ."

ಈ ಮಾತು ರಸ್ತೆ ದಾಟಿ ಎದುರಿನ ಸಲೂನಿನವನ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಅವನು ಅರ್ಧ ಗಡ್ಡ ಕೆರೆದ ಗಿರಾಕಿಯನ್ನು ಹಾಗೇ ಬಿಟ್ಟು ಬಂದ. ಕುತ್ತಿಗೆ ಎಂದರೆ ಅವನಿಗೆ ಮಕ್ಕಳಿಗೆ ಮಿಠಾಯಿ ಇದ್ದ ಹಾಗೆ. ಯಾರ ಕುತ್ತಿಗೆ ಕಂಡರೂ ಲಟಿಕೆ ತೆಗೆಯದೆ ಬಿಡುತ್ತಿರಲಿಲ್ಲ.

"ಬನ್ನಿ ಮಾಸ್ಟ್ರೇ. ಎರಡು ಚಿಟಿಕೆ ಹೊಡೆಯೋ ಹೊತ್ತಿಗೆ ಬಿಡಿಸ್ತೀನಿ."

"ಬೇಡ ಮಾರಾಯ."

"ನಿಮ್ಮ ತಂದೆ ಕತ್ತೂ ನಾನೇ ತೆಗೀತಿದ್ದದ್ದು."

"ಅವ್ರು ಅದಕ್ಕೇ ಬೇಗ ಹೋದ್ರು," ಅಂದ ಅರ್ಧ ಗಡ್ಡದವನು, ಬಾಗಿಲಲ್ಲಿ ನಿಂತು.

ಸಲೂನಿನವನು ಎಳೆದೊಯ್ದು ಕುರ್ಚಿಯಲ್ಲಿ ಕೂರಿಸಿದ. ಅಲ್ಲಿ ಒಂದು ವಿಚಿತ್ರ ನಡೆಯಿತು. ಆ ಸಲೂನಿಗೆ ಎದುರಿಗೊಂದು, ಪಕ್ಕಕ್ಕೊಂದು ಕನ್ನಡಿ. ಚಿಕ್ಕ ಟೈಲರನ ಮುಖ ತಿರುಗಿದ್ದು ಪಕ್ಕದ ಕನ್ನಡಿಗೆ. ಅದರೊಳಗೆ ರಸ್ತೆ, ರಸ್ತೆಯಾಚೆ ಅವರ ಅಂಗಡಿ, ಅಂಗಡಿಯ ಬಾಗಿಲಲ್ಲಿ ಅಣ್ಣ. ಅಣ್ಣ ಹಗ್ಗ ಕೈಯಲ್ಲಿ ಹಿಡಿದು ಸಲೂನಿನ ಕಡೆಗೇ ನೋಡುತ್ತಿದ್ದ! ಎಷ್ಟು ನರೆತುಹೋಗಿದ್ದಾನೆ, ಅಂದುಕೊಂಡ ಚಿಕ್ಕ ಟೈಲರ್. ಕಿವಿಯ ಹತ್ತಿರವೆಲ್ಲ ಬೆಳ್ಳಗೆ. ಪಕ್ಕದಲ್ಲೇ ಕೂತು ನರೆತನಲ್ಲ, ನನಗೆ ಕಾಣಲೇ ಇಲ್ಲವಲ್ಲ. ಬೆಳಿಗ್ಗೆಯಿಂದ ಅಭ್ಯಾಸ ಮಾಡಿದ ನೋಟವನ್ನು ಒಟ್ಟುಗೂಡಿಸಿ, ಕಣ್ಣಲ್ಲಿ ಪ್ರೀತಿ, ತುಟಿಯಲ್ಲಿ ತಪ್ಪಾಯಿತು, ಕನ್ನಡಿಯೊಳಗಿನ ಅಣ್ಣನಿಗೆ ಇನ್ನೇನು ಮುಟ್ಟಿಸಬೇಕು, ಸಲೂನಿನವನು ಬಿಸಿ ಟವೆಲನ್ನು ಅವನ ಮುಖದ ಮೇಲೆ ಧೊಪ್ಪನೆ ಹಾಕಿದ.

"ತೆಗಿಯೋ! ತೆಗಿಯೋ ಅದನ್ನ!"

"ಅಲ್ಲಾಡಬೇಡಿ. ನರ ಮೆತ್ತಗಾಗಬೇಕು."

ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ. ಒಂದು ಎಳೆತ. ಒಣಗಿದ ಕೊಂಬೆ ಮುರಿದಂಥ ಸದ್ದು ರಸ್ತೆಗೆಲ್ಲ ಕೇಳಿಸಿತು. ಟವೆಲು ತೆಗೆದು ನೋಡಿದರೆ ತಲೆ ಎಡಕ್ಕೆ ಇದ್ದದ್ದು ಇದ್ದೇ ಇತ್ತು, ಮೇಲಾಗಿ ಭುಜಕ್ಕೆ ವಾಲಿತ್ತು. ಭುಜ ಹೇಳುವ ಗುಟ್ಟನ್ನು ಕಿವಿಗೊಟ್ಟು ಕೇಳುತ್ತಿರುವವನ ಹಾಗೆ. ಕನ್ನಡಿಯಲ್ಲಿ ಈಗ ಬರೀ ಛಾವಣಿ.

"ಅರ್ಧ ಬಿಟ್ಟಿದೆ," ಅಂದ ಸಲೂನಿನವನು, ಕೈ ಒರೆಸಿಕೊಳ್ಳುತ್ತ. "ಇನ್ನರ್ಧ ನಾಳೆ."

ನಾಳೆ ಯಾರಿಗೆ ಬೇಕಿತ್ತು? ಬಸ್ಸು ಇವತ್ತು.

ಅಳುಮೋರೆ ಹಾಕಿಕೊಂಡು ರಸ್ತೆ ದಾಟಿದವನನ್ನು ಇಸ್ತ್ರಿಯವನು ಬೆಂಚಿನ ಮೇಲೆ ಕೂರಿಸಿಕೊಂಡ. "ಅವನ ಕೈಗೆ ಯಾಕೆ ಹೋದ್ರಿ? ಇದಕ್ಕೆ ಬೇಕಾದ್ದು ಕಾವು." ನಾಲ್ಕು ಮಡಿಕೆ ಬಟ್ಟೆ ಇಟ್ಟು, ನೀರು ಚಿಮುಕಿಸಿ, ಮೇಲೆ ಇಸ್ತ್ರಿಪೆಟ್ಟಿಗೆ ಮೆಲ್ಲಗೆ ಇಟ್ಟ. ಹಾಯೆನಿಸಿತು. ನಿಜವಾಗಿಯೂ ಹಾಯೆನಿಸಿತು. ಅಷ್ಟರಲ್ಲಿ ಯಾರೋ ಹೆಂಗಸು ಬಂದು, "ನಮ್ಮನೆ ಬೆಡ್‌ಶೀಟು ಆಯ್ತಾ?" ಅಂದಳು. ಇಸ್ತ್ರಿಯವನು ತಿರುಗಿ ಮಾತಿಗೆ ನಿಂತ. ಪೆಟ್ಟಿಗೆ ಅಲ್ಲೇ ನಿಂತಿತು.

ಚಿಕ್ಕ ಟೈಲರ್ ಕೂಗಿದ ಕೂಗಿಗೆ ಕಾಗೆಗಳು ತಂತಿ ಬಿಟ್ಟು ಎದ್ದವು.

"ಅಯ್ಯೋ, ಏನೂ ಆಗಿಲ್ಲ, ಸ್ವಲ್ಪ ಕೆಂಪಗಾಗಿದೆ ಅಷ್ಟೇ," ಎಂದು ಊದುತ್ತ ಇಸ್ತ್ರಿಯವನು ಪಶ್ಚಾತ್ತಾಪದಿಂದ ಹೇಳಿದ, "ಮಾಸ್ಟ್ರೇ, ಹಿಂದಿನ ಬೀದೀಲಿ ಫಿಸಿಯೋ ಮೇಡಂ ಇದ್ದಾರೆ. ನನ್ನ ಹೆಂಡ್ತಿ ಭುಜ ಹಿಡ್ಕೊಂಡಾಗ ಕೈಯಲ್ಲೇ ಬಿಡಿಸಿದ್ರು. ಎದ್ದೇಳಿ, ಈಗಲೇ ಹೋಗಿ. ಬಸ್ಸಿಗೆ ಇನ್ನೂ ಹೊತ್ತಿದೆ."

ಮೇಡಂ ಸಣ್ಣ ಆಳು, ಕೈ ಮಾತ್ರ ರೊಟ್ಟಿ ತಟ್ಟಿದವರ ಕೈ. ಅವನನ್ನು ಬಾಗಿಲಲ್ಲಿ ನೋಡಿಯೇ ಹುಬ್ಬೇರಿಸಿದರು.

"ಇದನ್ನ ಎಳೆದೋರು ಯಾರು?"

"ಸಲೂನಿನವನು."

"ಈ ಸುಟ್ಟ ಗುರುತು?"

"ಇಸ್ತ್ರಿಯವನು."

"ಇನ್ನು ಬಡಗಿ ಒಬ್ಬ ಬಾಕಿ ನೋಡಿ. ಅವನ ಹತ್ರಾನೂ ಹೋಗಿ ಬಂದಿದ್ರೆ ಚೆನ್ನಾಗಿತ್ತು. ಮಲಗಿ."

ಮೇಡಂ ಅವನ ಕೈ ಕಾಲು ಎತ್ತಿಸಿ, ಬೆರಳಲ್ಲಿ ಜೋಮು ಇದೆಯೇ ಎಂದು ವಿಚಾರಿಸಿ, ಕುತ್ತಿಗೆಯ ಮೂಳೆ ಮೂಳೆಯನ್ನೂ ಬೆರಳ ತುದಿಯಲ್ಲಿ ತಡವಿ ನೋಡಿದರು. ಆಮೇಲೆ ತಲೆಯ ಹಿಂದೆ ಕೂತು, ಎರಡೂ ಅಂಗೈಯನ್ನು ಅವನ ತಲೆಯ ಕೆಳಗೆ ಸೇರಿಸಿದರು.

"ತಲೆ ಬಿಡಿ."

"ಬಿಟ್ಟಿದೀನಿ ಮೇಡಂ."

"ಇಲ್ಲ, ನೀವೇ ಹಿಡ್ಕೊಂಡಿದೀರಿ. ನನ್ನ ಕೈಗೆ ಭಾರಾನೇ ಬಂದಿಲ್ಲ. ಕಲ್ಲಂಗಡಿ ಕೊಟ್ಟ ಹಾಗೆ ಕೊಡಿ."

"ಬಿದ್ದುಹೋದ್ರೆ?"

"ಎಲ್ಲಿಗ್ರೀ ಬೀಳತ್ತೆ? ಕೆಳಗೆ ನಾನಿದೀನಲ್ಲ."

ಆ ಮಾತಿಗೋ ಏನೋ, ತಲೆ ಮೆಲ್ಲಗೆ ಭಾರವಾಯಿತು. ಮೇಡಂನ ಬೆರಳು ಕುತ್ತಿಗೆಯ ಬಲಪಕ್ಕದಲ್ಲಿ ಕಡಲೆಯಷ್ಟು ಗಟ್ಟಿಯಾದ ಗಂಟೊಂದನ್ನು ಹುಡುಕಿ ಅದರ ಮೇಲೆ ಸುಮ್ಮನೆ ನಿಂತಿತು. ಎಳೆಯಲಿಲ್ಲ, ತಿಕ್ಕಲಿಲ್ಲ, ಬಾಗಿಲು ತಟ್ಟಿ ಕಾಯುವವರ ಹಾಗೆ ಕಾಯಿತು.

"ಈ ಕಡೆ ತಿರುಗಿ ಎಷ್ಟು ಕಾಲ ಆಯ್ತು?"

ಚಿಕ್ಕ ಟೈಲರ್ ಕಣ್ಣು ಮುಚ್ಚಿಕೊಂಡ.

"ಬಲಗಡೆ ಏನಿದೆ?"

"ಅಣ್ಣ ಇದ್ದಾನೆ."

"ಮತ್ತೆ ತಿರುಗೋಕೇನು?"

"ಮಾತಿಲ್ಲ."

ಮೇಡಂ ಒಂದು ಅಂಗೈಯನ್ನು ಅವನ ಎಡಗೆನ್ನೆಗೆ ತಂದರು. "ನನ್ನ ಕೈನ ಎಡಕ್ಕೆ ಒಂಚೂರು ತಳ್ಳಿ. ಒಂಚೂರೇ, ನೊಣ ಓಡಿಸೋವಷ್ಟು. ಹಾಂ, ನಾನು ಬಿಡಲ್ಲ, ತಳ್ಳಿ. ಈಗ ಉಸಿರು ಬಿಡಿ, ತಲೆ ಬಿಡಿ." ಬಿಟ್ಟಾಗ ಅವರು ಬಲಕ್ಕೆ ಒಂದು ಎಳೆಯಷ್ಟು ತಿರುಗಿಸಿದರು. ಮತ್ತೆ ತಳ್ಳಿಸಿದರು. ಮತ್ತೆ ಒಂದು ಎಳೆ. ಸದ್ದಿಲ್ಲ, ಗದ್ದಲವಿಲ್ಲ. ಕಚ್ಚಾ ಹೊಲಿಗೆ ಬಿಚ್ಚುವ ಹಾಗೆ, ಬಟ್ಟೆಗೆ ನೋವಾಗದ ಹಾಗೆ.

ಆಗ ಚಿಕ್ಕ ಟೈಲರನಿಗೆ, ಇಷ್ಟು ಮೆತ್ತಗೆ ತನ್ನ ಕುತ್ತಿಗೆಯನ್ನು ಹಿಂದೆ ಮುಟ್ಟಿದವರು ಯಾರು ಎಂಬುದು ನೆನಪಾಯಿತು. ಅವನಿನ್ನೂ ಹುಡುಗ. ಅಣ್ಣ ಕತ್ತರಿ ಹಿಡಿದು ಕಲಿಯುತ್ತಿದ್ದ. ಮೊಟ್ಟಮೊದಲು ಕತ್ತರಿಸಿದ ಅಂಗಿ ತಮ್ಮನಿಗೆ. ಕಾಲರಿನ ಅಳತೆ ತೆಗೆಯುವಾಗ ಟೇಪಿನೊಳಗೆ ತನ್ನ ಎರಡು ಬೆರಳು ಸೇರಿಸಿದ್ದ. "ಯಾಕಣ್ಣ?" ಅಂದರೆ, "ಉಸಿರಿಗೂ ಜಾಗ ಬೇಡ್ವೇನೋ?" ಅಂದಿದ್ದ. ಆ ಬೆರಳು ತಣ್ಣಗಿತ್ತು, ಸೀಮೆಸುಣ್ಣದ ವಾಸನೆ ಇತ್ತು.

ಕಣ್ಣಿನ ನೀರು ಕೆನ್ನೆಗೆ ಇಳಿಯದೆ, ಮಲಗಿದವನಾದ್ದರಿಂದ, ಸೀದಾ ಕಿವಿಗೆ ಇಳಿಯಿತು.

"ನೋಯ್ತಾ?" ಎಂದರು ಮೇಡಂ.

"ಇಲ್ಲ."

"ಮತ್ತೆ?"

"ಬೆಳಿಗ್ಗೆ ಹಚ್ಚಿದ ಮುಲಾಮು ಮೇಡಂ. ಬಹಳ ಖಾರ."

ಏಳಿಸಿ ಕೂರಿಸಿದಾಗ ತಲೆ ನೆಟ್ಟಗೆ ನಿಂತಿತು. "ಬಲಕ್ಕೆ ತಿರುಗಿ" ಎಂದರು. ತಿರುಗಿದ. ಎಣ್ಣೆ ಬಿಟ್ಟ ಮಿಷನ್ನಿನ ಚಕ್ರದ ಹಾಗೆ ಹೋಯಿತು! ಬಲಗಡೆಯ ಕಿಟಕಿ, ಕಿಟಕಿಯಾಚೆಯ ಗೋಡೆ, ಗೋಡೆಯ ಮೇಲಿನ ಬೆಕ್ಕು, ಎಲ್ಲ ಹೊಸದಾಗಿ ಕಂಡವು.

"ಕೇಳಿ ಇಲ್ಲಿ. ಸಲೂನಿನವನು ಎಡಗಡೆ ಕೆರಳಿಸಿಬಿಟ್ಟಿದ್ದಾನೆ. ಬಲಕ್ಕೆ ಎಷ್ಟು ಬೇಕಾದ್ರೂ ತಿರುಗಿ, ಒಳ್ಳೇದು. ಎಡಕ್ಕೆ ಮಾತ್ರ ಇವತ್ತು ಮಲಗೋವರೆಗೂ ಬೇಡ. ಮತ್ತೆ ಹಿಡ್ಕೊಂಡ್ರೂ ಹಿಡ್ಕೊಳ್ಳಬಹುದು."

"ಎಡಗಡೆ ನನಗೇನು ಕೆಲಸ ಮೇಡಂ?" ಎಂದು ಚಿಕ್ಕ ಟೈಲರ್ ಆ ದಿನ ಮೊದಲ ಸಲ ನಕ್ಕ. "ಅಲ್ಲಿ ಇಸ್ತ್ರಿಯವನೊಬ್ಬ ಇದ್ದಾನೆ. ಅವನ ಮುಖ ಬೆಳಿಗ್ಗೆಯಿಂದ ಬೇಕಾದಷ್ಟು ನೋಡಿದೀನಿ."

ಮುಂದಿನ ಬೀದಿಯಿಂದ ಹೋದರೆ ಸಲೂನಿನವನು ಮಿಕ್ಕರ್ಧಕ್ಕೆ ಹಿಡಿದು ಕೂರಿಸಿಯಾನು ಎಂಬ ಹೆದರಿಕೆ. ಹಿಂದಿನ ಸಂದಿಯಲ್ಲೇ ಓಡಿ, ಹಿಂಬಾಗಿಲು ತಳ್ಳಿ ಅಂಗಡಿಗೆ ಬಂದ. ತಲೆ ಆಗಲೇ ಬಲಕ್ಕೆ ತಿರುಗಿಸಿಟ್ಟುಕೊಂಡಿದ್ದ, ಕವಾಯತಿನಲ್ಲಿ ಸಾಹೇಬರಿಗೆ ಸಲಾಮು ಕೊಡುವ ಸಿಪಾಯಿಯ ಹಾಗೆ. ಒಂದು ಗಳಿಗೆಯೂ ತಡವಾಗಬಾರದು ಎಂದು ಕಣ್ಣಲ್ಲಿ ಪ್ರೀತಿ, ತುಟಿಯಲ್ಲಿ ತಪ್ಪಾಯಿತು, ಎಲ್ಲ ತಯಾರು.

ಬಲಗಡೆ ಯಾರೂ ಇರಲಿಲ್ಲ.

ಮಿಷನ್ನಿಲ್ಲ, ಕತ್ತರಿಸುವ ಮೇಜಿಲ್ಲ, ಸ್ಟೂಲೂ ಇಲ್ಲ. ಮಿಷನ್ನು ನಿಂತಿದ್ದ ಕಡೆ ಎಣ್ಣೆಯ ಕಲೆ. ಗೋಡೆಯ ಮೂಲೆಯಲ್ಲಿ ಗುಡಿಸಿ ಗುಡ್ಡೆ ಮಾಡಿದ ಬಟ್ಟೆಯ ಚೂರು. ಹೋಗುವ ಮುನ್ನ ತನ್ನ ಭಾಗವನ್ನು ಗುಡಿಸಿ ಹೋಗಿದ್ದಾನೆ, ಅಂದುಕೊಂಡ. ಹೊತ್ತಿಗೆ ಮೊದಲೇ ಹೊರಟುಬಿಟ್ಟ. ನನ್ನ ಬೆನ್ನು ನೋಡಿ ಹೊರಟುಬಿಟ್ಟ.

ತನ್ನ ಸ್ಟೂಲಿನ ಮೇಲೆ ಕೂತ. ಬೀದಿಗೆ ಮುಖ, ಆದರೆ ತಲೆ ಬಲಕ್ಕೆ. ಈಗ ಅಲ್ಲಿ ನೋಡಬಾರದವರು ಯಾರೂ ಇಲ್ಲವಾದ್ದರಿಂದ ಕಣ್ಣು ತುಂಬ ನೋಡಿದ. ಅಣ್ಣ ಕೂತಿರುತ್ತಿದ್ದ ಜಾಗ ಎಷ್ಟು ಚಿಕ್ಕದು. ಇಷ್ಟು ಹತ್ತಿರ ಇದ್ದನೇ? ಕೈ ಚಾಚಿದ್ದರೆ ಭುಜ ಸಿಗುತ್ತಿತ್ತಲ್ಲ.

ಅಷ್ಟರಲ್ಲಿ ಅಣ್ಣ ಕೆಮ್ಮಿದ ಹಾಗೆ ಕೇಳಿಸಿತು.

ಚಿಕ್ಕ ಟೈಲರನ ಎದೆ ಒಡೆಯಿತು. ನೋಡು ಈ ಕಿವಿಯನ್ನು, ಅಂದುಕೊಂಡ. ಮನುಷ್ಯ ಹೋದರೂ ಕೆಮ್ಮು ಬಿಟ್ಟುಕೊಡುವುದಿಲ್ಲ. ಖಾಲಿ ಜಾಗವನ್ನೇ ನೋಡುತ್ತ ಇನ್ನೊಂದು ಕೆಮ್ಮಿಗೆ ಕಾದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದೂ ಬಂತು, ಮೊದಲಿನದಕ್ಕಿಂತ ಜೋರಾಗಿ. ಅವನು ಕಣ್ಣು ಮುಚ್ಚಿಕೊಂಡು, ಬಲಗಡೆಯ ಗಾಳಿಗೆ ಮೆಲ್ಲಗೆ, "ಅಣ್ಣಾ, ತೋರಿಸ್ಕೊಳ್ಳೋದಲ್ವಾ," ಅಂದ. ಗಂಟಲಿನಿಂದ ಆ ಪದ ಈಗ ಸ್ವಚ್ಛವಾಗಿ ಹೊರಬಂತು. ಲಾರಿಯೊಂದು ಹಾರ್ನು ಹೊಡೆಯುತ್ತ ಹೋಯಿತು. ಆಮೇಲೆ ಕೆಮ್ಮು ಬರಲಿಲ್ಲ.

ಬಿಸಿಲು ಅಂಗಡಿಯ ಮೆಟ್ಟಿಲಿನಿಂದ ಕೆಳಗಿಳಿಯಿತು. ಎಷ್ಟೋ ಹೊತ್ತಿನ ಮೇಲೆ, ಮನೆಮನೆಗೆ ಬಟ್ಟೆ ಮುಟ್ಟಿಸಲು ಹೋಗಿದ್ದ ಇಸ್ತ್ರಿಯವನು ಖಾಲಿ ಗಂಟು ಹೆಗಲಿಗೆ ಹಾಕಿಕೊಂಡು ಬಂದ. ಬಂದವನು ಎದುರಿಗೆ ನಿಂತು ಸೊಂಟದ ಮೇಲೆ ಕೈಯಿಟ್ಟ.

"ನೀವೆಂಥ ಮನುಷ್ಯರು ಮಾಸ್ಟ್ರೇ?"

"ಯಾಕಪ್ಪಾ?"

"ಕತ್ತು ಸರಿ ಹೋಯ್ತಲ್ಲ?"

"ಹೋಯ್ತು. ಏನು ಬಂತು, ಅಣ್ಣ ಅಷ್ಟರಲ್ಲೇ ಹೊರಟುಹೋಗಿದ್ದ."

"ಹೊರಟುಹೋಗಿದ್ರಾ? ಈಗ ಬಸ್ ಸ್ಟ್ಯಾಂಡ್ ಹತ್ರ ಸಿಕ್ಕಿದ್ರು ನನಗೆ. ಬಸ್ಸು ಹೊರಡ್ತಿತ್ತು, ಕಿಟಕಿ ಹತ್ರ ಕೂತಿದ್ರು. ಅಲ್ಲೀವರೆಗೂ ಇಲ್ಲೇ ಇದ್ರಲ್ರೀ, ನಿಮ್ಮ ಪಕ್ಕದಲ್ಲೇ!"

"ಎಲ್ಲಿ? ಬಲಗಡೆ ಖಾಲಿ ಇತ್ತು!"

"ಬಲಗಡೆ ಯಾಕಿರ್ತಾರೆ?" ಇಸ್ತ್ರಿಯವನಿಗೆ ಅಳು ಬಂದಂತಾಯಿತು. "ನೀವು ಮೇಡಂ ಹತ್ರ ಹೋದ್ಮೇಲೆ ನಾನೇ ಹೇಳ್ದೆ. 'ದೊಡ್ಡ ಮಾಸ್ಟ್ರೇ, ಅವ್ರದು ಸೊಕ್ಕಲ್ಲ, ಕತ್ತು ಹಿಡ್ಕೊಂಡಿದೆ, ಬಲಕ್ಕೆ ತಿರುಗೋಕಾಗ್ತಿಲ್ಲ' ಅಂತ. ಸಾಮಾನೆಲ್ಲ ಗಾಡೀಲಿ ಬಸ್ ಸ್ಟ್ಯಾಂಡಿಗೆ ಕಳಿಸಿದ್ರು. ಆಮೇಲೆ ಸ್ಟೂಲು ಎತ್ಕೊಂಡು ಬಂದು ಇಲ್ಲಿ, ನನ್ನ ಬೆಂಚಿನ ಪಕ್ಕ ಹಾಕ್ಕೊಂಡ್ರು. 'ಅವನಿಗೆ ಆ ಕಡೆ ತಿರುಗೋಕಾಗಲ್ಲ ಅಂದ್ರೆ ನಾನೇ ಅವನ ಮುಖ ಇರೋ ಕಡೆ ಬರ್ತೀನಿ ಬಿಡು. ಚಿಕ್ಕೋನಿದ್ದಾಗ್ಲೂ ಹಿಂಗೇ, ಕೋಪ ಬಂದ್ರೆ ಗೋಡೆಗೆ ತಿರುಗ್ತಿದ್ದ. ತಟ್ಟೆ ಎತ್ಕೊಂಡು ಗೋಡೆ ಸಂದಿಗೆ ಹೋಗಿ ತಿನ್ನಿಸ್ತಿದ್ದೆ' ಅಂದ್ರು. ಎರಡು ಟೀ ತರಿಸಿಟ್ಕೊಂಡ್ರು. ಅಲ್ಲೀವರೆಗೂ ನೋಡಿ ನಾನು ಬಟ್ಟೆ ಕೊಡೋಕೆ ಹೋದೆ. ಇನ್ನು ನನಗೇನು ಕೆಲಸ ಇಲ್ಲಿ ಅಂತ."

ಚಿಕ್ಕ ಟೈಲರ್ ಸ್ಟೂಲಿನಿಂದ ಎದ್ದ. "ಬಸ್ಸಲ್ಲಿ... ಏನಾದ್ರೂ ಅಂದನಾ?"

"ಅಂದ್ರು. 'ಕತ್ತು ಸರಿಹೋಗಿದೆ ಕಣಯ್ಯಾ, ನೋಡ್ದೆ. ಹಿಂಬಾಗಿಲಿಂದ ಬಂದ. ಚೆನ್ನಾಗಿ ತಿರುಗ್ತಾ ಇದೆ. ನಾನು ಕೆಮ್ಮಿದೆ. ಎರಡು ಸಲ ಕೆಮ್ಮಿದೆ. ಆ ಖಾಲಿ ಗೋಡೆನಾದ್ರೂ ನೋಡ್ತೀನಿ, ನಿನ್ನ ಕಡೆ ಮಾತ್ರ ತಿರುಗಲ್ಲ ಅಂತ ಕೂತ. ಬಿಡು, ಇನ್ನು ಬೇಜಾರಿಲ್ಲದೆ ಹೋಗಬಹುದು ನಾನು' ಅಂದ್ರು."

ಮೇಡಂ ಹೇಳಿದ್ದು, ಮಲಗುವವರೆಗಿನ ಪಥ್ಯ, ಎಲ್ಲ ಮರೆತು ಚಿಕ್ಕ ಟೈಲರ್ ಗಕ್ಕನೆ ಎಡಕ್ಕೆ ತಿರುಗಿದ.

ಏನೂ ಆಗಲಿಲ್ಲ. ನೋವಿಲ್ಲ, ಲಟಿಕೆಯಿಲ್ಲ, ಹಿಡಿತವಿಲ್ಲ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಕುತ್ತಿಗೆ ಆ ತುದಿಯವರೆಗೂ ಹೋಯಿತು. ಬೆಂಚಿನ ಪಕ್ಕದಲ್ಲಿ ಅಣ್ಣನ ಸ್ಟೂಲು. ಬೆಂಚಿನ ಮೇಲೆ ಎರಡು ಗ್ಲಾಸು. ಒಂದು ಕುಡಿದು ಮುಗಿಸಿದ್ದು, ಇನ್ನೊಂದು ಕೆನೆ ಕಟ್ಟಿದ್ದು.

"ಮೇಡಂ ಬೇಡ ಅಂದಿದ್ರು ಕಣೋ," ಅಂದ ಚಿಕ್ಕ ಟೈಲರ್. ಯಾರಿಗೆ ಅಂದನೋ. "ಇವತ್ತೊಂದು ದಿನ ಎಡಕ್ಕೆ ತಿರುಗಬೇಡಿ ಅಂದಿದ್ರು."

ಇಸ್ತ್ರಿಯವನು ಆ ಟೀಯನ್ನು ಚೆಲ್ಲಲು ಹೋದ. ಚಿಕ್ಕ ಟೈಲರ್ ಬಿಡಲಿಲ್ಲ. ತಣ್ಣಗಾದದ್ದನ್ನು ಹಾಗೇ ಎತ್ತಿ, ಕುತ್ತಿಗೆಯನ್ನು ಹಿಂದಕ್ಕೆ ಪೂರ್ತಿ ಬಾಗಿಸಿ, ಒಂದು ತೊಟ್ಟೂ ಬಿಡದೆ ಕುಡಿದ. ಹಾಗೆ ಬಾಗಿಸಿದಾಗಲೂ ನೋವಾಗಲಿಲ್ಲ. ಕೈಗುಣ ಎಂದರೆ ಆ ಮೇಡಂನದೇ, ಅದರಲ್ಲಿ ಎರಡು ಮಾತಿಲ್ಲ.

ಇಷ್ಟೇ ಕತೆ. ಆ ಕಾಲಕ್ಕೆ ಈ ಫೋನೆಲ್ಲ ಎಲ್ಲರ ಜೇಬಿನಲ್ಲಿ ಇರಲಿಲ್ಲ, ಬಸ್ಸು ಯಾವ ಊರಲ್ಲಿ ಅವನನ್ನು ಇಳಿಸಿತೋ ಯಾರಿಗೂ ತಿಳಿಯಲಿಲ್ಲ. ಈಗ ನಿಮ್ಮೆಲ್ಲರ ಕೈಯಲ್ಲೂ ಫೋನಿದೆ, ಬೆಳಗಾದರೆ ಬೇಡದ್ದೆಲ್ಲ ಊರಿಗೆಲ್ಲ ಕಳಿಸುತ್ತೀರಿ. ಇದನ್ನೂ ಕಳಿಸಿ. ನಿಮ್ಮ ನೆಂಟರಿಗೆ, ನೆಂಟರ ನೆಂಟರಿಗೆ, ಬಟ್ಟೆ ಕಾರ್ಖಾನೆಯಲ್ಲಿ ದುಡಿದವರು ಯಾರಿದ್ದರೂ ಅವರಿಗೆ. ಎಲ್ಲೋ ಒಬ್ಬ ವಯಸ್ಸಾದ ಕಟಿಂಗ್ ಮಾಸ್ಟರ್, ನನಗೆ ಯಾರೂ ಇಲ್ಲ ಎಂದು ಒಬ್ಬನೇ ಕೂತಿದ್ದರೆ, ಅವನ ಕಿವಿಯ ಹತ್ತಿರ ಹಿಡಿದು ಇದನ್ನು ಕೇಳಿಸಿ. ನಿನ್ನ ತಮ್ಮ ಅವತ್ತು ನೋಡಬಾರದು ಅಂತ ಕೂತಿರಲಿಲ್ಲ ಮಾರಾಯ, ನಿನ್ನನ್ನೇ ನೋಡುತ್ತ ಕೂತಿದ್ದ, ನೀನು ಆ ಕಡೆ ಇರಲಿಲ್ಲ ಅಷ್ಟೇ ಅಂತ ಹೇಳಿ.